ತಪ್ಪಿನ ಅಲೆ

ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು ಐವತ್ತು ಡಿಗ್ರಿ ಮುಟ್ಟುವುದು ಸುದ್ದಿಯಾಗುವುದು ನಿಂತು ಬಹಳ ವರ್ಷಗಳಾಗಿದ್ದವು. ಊರು ಅದಕ್ಕೆ ಒಗ್ಗಿಕೊಂಡಿತ್ತು. ನಗರದ ಹೊರಗೆ ನೆಲದಡಿ ಕಟ್ಟಿದ ಭಾರಿ ತೊಟ್ಟಿಗಳಲ್ಲಿ ನೀರನ್ನು ಮಂಜುಗಡ್ಡೆಯ ಹತ್ತಿರಕ್ಕೆ ತಣಿಸಿ, ಕೊಳವೆಗಳಲ್ಲಿ ಮನೆಮನೆಗೆ ಹರಿಸುತ್ತಿದ್ದರು. ಆ ನೀರು ಗೋಡೆಯೊಳಗಿನ ಸುರುಳಿಗಳಲ್ಲಿ ಸುತ್ತಾಡಿ, ಕೋಣೆಯ ಕಾವನ್ನು ಹೀರಿಕೊಂಡು ತೊಟ್ಟಿಗೆ ಮರಳುತ್ತಿತ್ತು. ಜನ ಅದನ್ನು ತಂಪುಜಾಲ ಎಂದು ಕರೆದರು. ಹೊಸ ಬಡಾವಣೆಗಳ ಮನೆಗಳಿಗೆ ಕಿಟಕಿಗಳನ್ನೇ ಇಡುತ್ತಿರಲಿಲ್ಲ. ಕಿಟಕಿ ಇದ್ದರೆ ತಂಪು ಸೋರಿಹೋಗುತ್ತದೆ ಎಂಬುದು ಕಟ್ಟುವವರ ಲೆಕ್ಕ.

ಯಾವ ಬಡಾವಣೆಗೆ ಯಾವ ಹೊತ್ತಿಗೆ ಎಷ್ಟು ತಣ್ಣೀರು ಹರಿಯಬೇಕೆಂಬುದನ್ನು ಕಂಪ್ಯೂಟರುಗಳು ನಿರ್ಧರಿಸುತ್ತಿದ್ದವು. ಆ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಂಪನಿಗೆ ಸಂಪದಾ ಮೇಳಕುಂದಿ ಸಂದರ್ಶನಕ್ಕೆ ಹೋದಾಗ ಆಕೆಗೆ ಮೂವತ್ತೆಂಟು ವರ್ಷ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟವಳು, ಮತ್ತೆ ಕೆಲಸ ಹುಡುಕಿ ಹುಡುಕಿ ಸೋತಿದ್ದಳು. ಹಿಂದೆ ದುಡಿಯುತ್ತಿದ್ದ ಕಡೆ ಗೆಳೆಯರು ಅವಳನ್ನು ತಿಗಣೆ ಎಂದು ರೇಗಿಸುತ್ತಿದ್ದರು. ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ತಪ್ಪಿದೆ ಎಂದು ಅನ್ನಿಸಿದರೆ ಸಾಕು, ಅದು ಸಿಗುವ ತನಕ ಕಚ್ಚಿ ಹಿಡಿದದ್ದನ್ನು ಬಿಡುತ್ತಿರಲಿಲ್ಲ.

ಸಂದರ್ಶನದಲ್ಲಿ ಪ್ರೋಗ್ರಾಮಿಂಗಿನ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನೇಮಕಾತಿಯ ಮುಖ್ಯಸ್ಥ ಪ್ರಣವ್ ಬಾಳಿಗ ಅವಳ ಹಣೆಗೆ ತೆಳ್ಳನೆಯ ಬೂದುಬಣ್ಣದ ಪಟ್ಟಿಯೊಂದನ್ನು ಕಟ್ಟಿಸಿದ. ಎದುರಿನ ಪರದೆಯ ಮೇಲೆ ಚಿತ್ರಗಳು ಸರಸರನೆ ಬಂದು ಹೋದವು. ಐದು ಕಾಲಿನ ಹಸು. ಬೆಸಸಂಖ್ಯೆಗಳ ಸಾಲಿನ ನಡುವೆ ನುಸುಳಿದ ಒಂದು ಸಮಸಂಖ್ಯೆ. ಹಿಂದಕ್ಕೆ ಓಡುವ ಗಡಿಯಾರ.

"ನಿಮ್ಮ ಪ್ರತಿಭೆ ಬಗ್ಗೆ ಡೌಟಿಲ್ಲ ಮೇಡಂ," ಎಂದು ಬಾಳಿಗ ಫಲಿತಾಂಶ ನೋಡುತ್ತ ಹೇಳಿದ. ಕರಾವಳಿಯವನು, ಮೆತ್ತಗೆ ಮಾತಾಡುವವನು. "ಆದ್ರೆ ನಿಮ್ಮ ಘರ್ಷಣಾಂಕ ತುಂಬಾ ಜಾಸ್ತಿ ಉಂಟು."

"ಹಂಗಂದ್ರೇನ್ರಿ?"

ಅವನು ವಿವರಿಸಿದ. ಕಣ್ಣು ಒಂದು ತಪ್ಪನ್ನು ಕಂಡಾಗ, ಕೈ ಒಂದು ತಪ್ಪನ್ನು ಮಾಡಿದಾಗ, ಅದು ಮನಸ್ಸಿಗೆ ಗೊತ್ತಾಗುವ ಮೊದಲೇ ಮೆದುಳಿನ ಮುಂಭಾಗದಿಂದ ಸಣ್ಣದೊಂದು ವಿದ್ಯುತ್ ಅಲೆ ಏಳುತ್ತದೆ. ವೈದ್ಯರಿಗೆ ಇದು ಹಳೆಯ ಸಂಗತಿ. ಕಂಪನಿ ಅದಕ್ಕೆ ಹೊಸ ಉಪಯೋಗ ಕಂಡುಕೊಂಡಿತ್ತು. ಅಲೆ ದೊಡ್ಡದಿರುವವರು ಕೆಲಸವನ್ನು ನಡುವೆ ನಿಲ್ಲಿಸುತ್ತಾರೆ, ಸಭೆಯಲ್ಲಿ ವಾದಕ್ಕಿಳಿಯುತ್ತಾರೆ, ಸರಿಯಿಲ್ಲ ಸರಿಯಿಲ್ಲ ಎನ್ನುತ್ತಲೇ ಒಂದು ದಿನ ಬಿಟ್ಟು ಹೋಗುತ್ತಾರೆ. ಅಲೆ ಚಿಕ್ಕದಿರುವವರು ಹೇಳಿದ್ದನ್ನು ಹೇಳಿದ ಹೊತ್ತಿಗೆ ಮುಗಿಸುತ್ತಾರೆ.

"ಹಂಗಿದ್ರ ನಾ ಬರ್ತೀನ್ರಿ," ಎಂದು ಸಂಪದಾ ಎದ್ದಳು.

"ಕೂತ್ಕೊಳ್ಳಿ. ನಮ್ಮಲ್ಲೊಂದು ಸ್ಕೀಮ್ ಉಂಟು." ಅದೇ ಪಟ್ಟಿ ಅಲೆಯನ್ನು ಅಳೆಯುವುದಷ್ಟೇ ಅಲ್ಲ, ತಗ್ಗಿಸಲೂ ಬಲ್ಲುದು ಎಂದ. ಚರ್ಮಕ್ಕೆ ತಿಳಿಯದಷ್ಟು ಕಡಿಮೆ ಕರೆಂಟು. ಕೆಲಸದ ಹೊತ್ತಿನಲ್ಲಿ ಮಾತ್ರ ಧರಿಸಿದರೆ ಸಾಕು. "ನಿದ್ದೆ ಚೆನ್ನಾಗಿ ಬರ್ತದೆ, ಬಿಪಿ ಇಳೀತದೆ. ಹಾಕ್ಕೊಂಡವ್ರು ಯಾರೂ ಕಂಪ್ಲೇಂಟ್ ಮಾಡಿಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದಳು. ಶ್ರೀಶೈಲ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಿದ್ದ. ರೊಟ್ಟಿ ತಟ್ಟುವ ಹೆಂಗಸರ ನಡುವೆ ನಿಂತು, ಎಣ್ಣೆಗಾಯಿಯ ಬಾಣಲೆಗೆ ಸೌಟು ಹಾಕುತ್ತ ಕೇಳಿಸಿಕೊಂಡ.

"ತಲಿಗೆ ಕರೆಂಟ್ ಕೊಡ್ತಾರಂತ, ನೀ ಹೂಂ ಅಂದು ಬಂದ್ಯಾ?"

"ಹೂಂ ಅಂದಿಲ್ಲ ಇನ್ನಾ. ಆದ್ರ ನಂಗ ಕೆಲ್ಸ ಬೇಕು. ಮನ್ಯಾಗ ಕುಂತು ನನ್ನ ತಲಿ ತುಕ್ಕು ಹಿಡೀಲಿಕತ್ತದ."

ಅವನು ಬಾಣಲೆಯತ್ತ ತಿರುಗಿದ. ಬ್ಯಾಡ ಎಂದಿದ್ದರೆ ಆಗ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು, ಮತ್ತು ಜಗಳದಲ್ಲಿ ಗೆಲ್ಲುತ್ತಿದ್ದವಳು ಯಾವಾಗಲೂ ಅವಳೇ.

ನಿಯಂತ್ರಣ ಕೊಠಡಿ ಬಹಳ ಚೊಕ್ಕಟವಾಗಿತ್ತು. ಅರ್ಧವೃತ್ತದಲ್ಲಿ ಮೇಜುಗಳು, ಎದುರಿನ ಗೋಡೆಯ ತುಂಬ ನಗರದ ನಕ್ಷೆ. ತಂಪಾಗಿರುವ ಬಡಾವಣೆಗಳು ನೀಲಿ, ಕಾವೇರಿದವು ಕೆಂಪು. ಎಲ್ಲರ ಹಣೆಯ ಮೇಲೂ ಬೂದು ಪಟ್ಟಿ. ಯಾರೂ ದನಿ ಏರಿಸುತ್ತಿರಲಿಲ್ಲ. ಮೊದಲ ವಾರ ಸಂಪದಾಳಿಗೆ ಆ ಮೌನ ಮೈಮೇಲೆ ಹುಳು ಹರಿದಂತಾಯಿತು. ಎರಡನೆಯ ವಾರ ಅದು ಹಿತವಾಯಿತು.

ಅಲ್ಲಿ ಪಟ್ಟಿ ಕಟ್ಟದೆ ಕೂರುತ್ತಿದ್ದವನು ಇರ್ಫಾನ್ ಜಮಾದಾರ ಒಬ್ಬನೇ. ತಂಪುಜಾಲದ ಮೊದಲ ಪ್ರೋಗ್ರಾಮುಗಳನ್ನು ಬರೆದವರಲ್ಲಿ ಉಳಿದಿದ್ದ ಕೊನೆಯವನಾದ್ದರಿಂದ ಅವನನ್ನು ಸಹಿಸಿಕೊಂಡಿದ್ದರು. ಅವನ ತಂಗಿ ನಿಖತ್, ಸಂಪದಾಳ ಮಗಳು ಇಂಚರಳ ಶಾಲೆಯಲ್ಲೇ ಟೀಚರು. ಹಾಗಾಗಿ ಇರ್ಫಾನನಿಗೂ ಸಂಪದಾಳಿಗೂ ಬೇಗ ಸಲುಗೆಯಾಯಿತು.

ಒಂದು ಸಭೆಯಲ್ಲಿ ಈಗ ನಿಯಂತ್ರಣ ಕೊಠಡಿಯನ್ನೂ ನೋಡಿಕೊಳ್ಳುತ್ತಿದ್ದ ಬಾಳಿಗನ ತಂಡ ಹೊಸ ಬದಲಾವಣೆಯೊಂದನ್ನು ತಂದಿತು. ಬಡಾವಣೆಗಳಲ್ಲಿ ಕಾವು ಅಳೆಯುವ ಉಪಕರಣಗಳು ಆಗಾಗ ಸಂಪರ್ಕ ಕಳೆದುಕೊಂಡು, ನಕ್ಷೆಯ ಮೇಲೆ ಆ ಜಾಗ ಖಾಲಿಯಾಗಿ ಮಿನುಗುತ್ತಿತ್ತು. ನೋಡುವವರಿಗೆ ಕಿರಿಕಿರಿ. ಇನ್ನು ಮುಂದೆ ಸಂಪರ್ಕ ತಪ್ಪಿದರೆ ಖಾಲಿ ಬಿಡುವ ಬದಲು, ಉಪಕರಣ ಕೊನೆಗೆ ಕಳಿಸಿದ ಅಂಕಿಯನ್ನೇ ತೋರಿಸುವುದು ಎಂದು ನಿರ್ಧಾರವಾಗಿತ್ತು.

"ಇದು ತಪ್ಪದ," ಎಂದು ಇರ್ಫಾನ್ ಎದ್ದು ನಿಂತ. "ಉಪಕರಣ ಸತ್ತಿದ್ದು ನಮಗ ಗೊತ್ತೇ ಆಗಂಗಿಲ್ಲ. ಮುಂಜಾನಿ ಇಪ್ಪತ್ತಾರು ಡಿಗ್ರಿ ಅಂತ ಹೇಳಿ ಅದು ಸತ್ತರ, ಮಧ್ಯಾಹ್ನನೂ ಇಪ್ಪತ್ತಾರೇ ಅಂತದ. ಕಂಪ್ಯೂಟರ್ ಅಲ್ಲಿ ತಂಪದ ಅಂದ್ಕೊಂಡು ನೀರು ಬ್ಯಾರೆ ಕಡಿ ತಿರಗಸ್ತದ. ಒಳಗಿರೋ ಮಂದಿ ಏನ್ ಮಾಡ್ಬೇಕು?"

"ಅಷ್ಟು ಹೊತ್ತು ಸಂಪರ್ಕ ತಪ್ಪೋದಿಲ್ಲ ಇರ್ಫಾನ್. ಕೂಲಾಗಿರಿ," ಎಂದ ಬಾಳಿಗ.

"ಕೂಲಾಗೇ ಇದ್ದೀನ್ರಿ. ಸಂಪದಾ ಮೇಡಂ, ನೀವರ ಹೇಳ್ರಿ."

ಸಂಪದಾ ಯೋಚಿಸಿದಳು. ಅವನು ಹೇಳಿದ್ದು ಪೂರ್ತಿ ಅರ್ಥವಾಗಿತ್ತು. ಅದು ಸರಿಯೆಂದೂ ತಿಳಿದಿತ್ತು. ಆದರೆ ಅದು ದೂರದ ಊರಿನ ಹವಾಮಾನದ ವರದಿಯಂತೆ ಕೇಳಿಸಿತು. ಎದೆಯಲ್ಲಿ ಏನೂ ಕದಲಲಿಲ್ಲ. "ಎರಡೂ ಕಡೆ ವಿಚಾರ ಅದ," ಎಂದಳು. ಇರ್ಫಾನ್ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಕುಳಿತುಬಿಟ್ಟ. ತಿಂಗಳು ಮುಗಿಯುವುದರೊಳಗೆ ಅವನನ್ನು ತೆಗೆದರು. ತಂಡದ ಸಮತೋಲನ ಕೆಡಿಸುತ್ತಾನೆ ಎಂಬುದು ಕಾರಣ. ಅವನ ಜಾಗಕ್ಕೆ ಬಂದ ಹುಡುಗಿಗೆ ತೊಟ್ಟಿಗೂ ಪಂಪಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಘರ್ಷಣಾಂಕ ಮಾತ್ರ ಬಹಳ ಚೆನ್ನಾಗಿತ್ತು.

ಮನೆಯಲ್ಲಿ ಶ್ರೀಶೈಲ ಮೊದಮೊದಲು ಖುಷಿಪಟ್ಟಿದ್ದು ನಿಜ. ಹೆಂಡತಿ ಸಿಡುಕುವುದು ನಿಂತಿತ್ತು. ಒದ್ದೆ ಟವೆಲ್ ಮಂಚದ ಮೇಲೆ ಬಿದ್ದಿದ್ದರೂ ಸುಮ್ಮನೆ ಅದರ ಪಕ್ಕದಲ್ಲಿ ಮಲಗುತ್ತಿದ್ದಳು. ವರ್ಷಗಳಿಂದ ಮಾತು ಬಿಟ್ಟಿದ್ದ ನಾದಿನಿಯೊಂದಿಗೆ ಫೋನಿನಲ್ಲಿ ನಗುನಗುತ್ತ ಮಾತಾಡಿದಳು. "ಕಂಪನಿಯವ್ರು ನಿನಗ ಏನೋ ಮಂತ್ರ ಹಾಕ್ಯಾರ ನೋಡು," ಎಂದು ಅವನು ನಕ್ಕ.

ನಗು ನಿಂತದ್ದು ಇಂಚರಳಿಂದ. ಮೂರನೆಯ ಕ್ಲಾಸಿನ ಆ ಹುಡುಗಿ ಊಟದ ಹೊತ್ತಿಗೆ ಮಗ್ಗಿ ಒಪ್ಪಿಸುತ್ತಿದ್ದಳು. ಏಳೆಂಟಲ ಐವತ್ನಾಲ್ಕು ಎಂದಳು. ಅಮ್ಮ ತಲೆಯಾಡಿಸಿದಳು. ಇಂಚರಳಿಗೇ ಅನುಮಾನ ಬಂತು.

"ಅಮ್ಮ, ಏಳೆಂಟಲ ಎಷ್ಟು?"

"ಐವತ್ತಾರು."

"ನಾ ಎಷ್ಟಂದೆ?"

"ಐವತ್ನಾಲ್ಕು."

"ಮತ್ತ ಯಾಕ ಸುಮ್ನಿದ್ದಿ?"

"ಎರಡೂ ಹತ್ರಹತ್ರನೇ ಅವಲ್ಲ," ಎಂದು ಸಂಪದಾ ರೊಟ್ಟಿ ಮುರಿದಳು.

ಇಂಚರ ಅದನ್ನು ಆಟ ಮಾಡಿಕೊಂಡಳು. ಎರಡೆರಡಲ ಒಂಬತ್ತು ಎಂದಳು. ನನ್ನ ಹೆಸರು ಗಂಗವ್ವ ಎಂದಳು. ನಮ್ಮಪ್ಪ ಸತ್ತುಹೋಗ್ಯಾನ ಎಂದು, ಎದುರಿಗೇ ಕುಳಿತ ಅಪ್ಪನನ್ನು ತೋರಿಸಿ ಹೇಳಿದಳು. ಸಂಪದಾ ಎಲ್ಲಕ್ಕೂ ಮುಗುಳ್ನಗುತ್ತ ತಲೆಯಾಡಿಸಿದಳು. ಹುಡುಗಿಯ ನಗು ನಡುವೆಯೇ ಅಳುವಾಯಿತು. ತಾಯಿ ಅಳುವ ಮಗಳನ್ನು ನೋಡುತ್ತ ಊಟ ಮುಂದುವರಿಸಿದಳು.

ಶ್ರೀಶೈಲ ಮರುದಿನವೇ ಅವಳನ್ನು ಕೂರಿಸಿಕೊಂಡು ಹೇಳಿದ. "ಆ ಪಟ್ಟಿ ನೀ ಆಫೀಸಿನ್ಯಾಗ ಬಿಚ್ಚಿಟ್ಟು ಬರ್ತಿ. ಹೌದಿಲ್ಲ? ಮತ್ತ ಮನ್ಯಾಗ ಯಾಕ ಹಿಂಗದಿ?"

"ಮೆದುಳು ಕಲ್ತುಬಿಡ್ತದಂತ. ಆಮ್ಯಾಲ ಪಟ್ಟಿ ಬೇಕಾಗಂಗಿಲ್ಲಂತ. ಬಾಳಿಗ ಸರ್ ಹೇಳ್ಯಾರ, ನಾನೇ ಎಲ್ಲಾರಗಿಂತ ಲಗೂನ ಕಲ್ತೀನಂತ."

"ನಿನಗ ಹೆದರಿಕಿ ಆಗಂಗಿಲ್ಲೇನು?"

ಅವಳು ನಿಜವಾಗಿಯೂ ಹುಡುಕಿ ನೋಡಿದಳು. "ಇಲ್ಲ," ಎಂದಳು.

ಕೆಲಸ ಬಿಡು ಎಂದ. ಆಯ್ತು ಎಂದಳು. ಬೆಳಿಗ್ಗೆ ಕಂಪನಿಯ ವಾಹನ ಬಂದು ಹಾರ್ನ್ ಹಾಕಿದಾಗ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬಾಳಿಗ ಸರ್ ಫೋನ್ ಮಾಡಿ ಬರಲು ಹೇಳಿದರು, ಅದಕ್ಕೂ ಆಯ್ತು ಎಂದಿದ್ದೆ ಅಂದಳು. ಆ ಹೊತ್ತಿನಲ್ಲಿ ಶ್ರೀಶೈಲ ಅವಳ ಕೈಹಿಡಿದು ನಿಲ್ಲಿಸಬಹುದಿತ್ತು. ಖಾನಾವಳಿಗೆ ಹೊತ್ತಾಗಿತ್ತು, ಸಂಜೆ ಮಾತಾಡಿದರಾಯಿತು ಎಂದುಕೊಂಡ. ಹಾಗೆ ಸಂಜೆಗಳು ಕಳೆದುಹೋದವು.

ಮೇ ತಿಂಗಳ ಒಂದು ಭಾನುವಾರ ಬಿಸಿಲು ಹಿಂದೆಂದೂ ಕಾಣದಷ್ಟು ಏರಿತು. ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಆ ದಿನ ಸಂಪದಾಳಿಗೆ ಹಗಲು ಪಾಳಿ. ಗೋಡೆಯ ನಕ್ಷೆಯಲ್ಲಿ ಒಂದೊಂದೇ ಬಡಾವಣೆ ನಸುಗೆಂಪಾಗುತ್ತ, ತಣ್ಣೀರು ಹರಿದಂತೆ ಮತ್ತೆ ನೀಲಿಗೆ ತಿರುಗುತ್ತ ಇತ್ತು. ಸೇಡಂ ರಸ್ತೆಯ ಆಚೆಯ ಹೊಸ ಬಡಾವಣೆ ಮಾತ್ರ ಬೆಳಗಿನಿಂದ ಅಚ್ಚ ನೀಲಿಯಾಗಿಯೇ ನಿಂತಿತ್ತು.

ಸಂಪದಾಳಿಗೆ ಫೋನು ಬಂತು. ಇರ್ಫಾನ್. ಏದುಸಿರು ಬಿಡುತ್ತಿದ್ದ.

"ಮೇಡಂ, ನಾ ಸೇಡಂ ರಸ್ತೆ ಕಡೆ ನಮ್ಮ ಬಡಾವಣ್ಯಾಗಿಂದ ಮಾತಾಡ್ಲಿಕತ್ತೀನಿ. ಗ್ವಾಡಿ ಮುಟ್ಟಿದ್ರ ಬಿಸಿ ಹತ್ತಲಿಕತ್ತದ. ಕೊಳವ್ಯಾಗ ನೀರೇ ಹರೀಲಿಕತ್ತಿಲ್ಲ. ಸಹಾಯವಾಣಿಗೆ ಹತ್ತು ಸಲ ಮಾಡೀನಿ. ‘ನಿಮ್ಮ ಪ್ರದೇಶ ಸಹಜವಾಗಿದೆ’ ಅಂತಾರ. ಪರದ್ಯಾಗ ನಮ್ಮದು ಎಷ್ಟು ತೋರಸ್ತದ?"

"ಇಪ್ಪತ್ತಾರು."

"ಮುಂಜಾನಿ ಎಷ್ಟಿತ್ತು?"

ಅವಳು ಹಿಂದಿನ ದಾಖಲೆ ತೆರೆದು ನೋಡಿದಳು. "ಇಪ್ಪತ್ತಾರು."

"ತಾಸಿಗೊಮ್ಮೆ ನೋಡ್ರಿ."

"ಎಲ್ಲಾ ಇಪ್ಪತ್ತಾರೇ ಅದ."

"ಅಯ್ಯೋ ಮೇಡಂ! ಮೇ ತಿಂಗಳ ಬಿಸಿಲಾಗ ಒಂದು ಅಂಕಿ ಕದಲದಂಗ ನಿಂತದಂದ್ರ ಏನರ್ಥ?"

ಸಂಪದಾ ಆ ಅಂಕಿಗಳ ಸಾಲನ್ನು ನೋಡಿದಳು. ಏನರ್ಥ ಎಂಬುದು ಅವಳಿಗೆ ಗೊತ್ತಿತ್ತು. ಉಪಕರಣ ಸತ್ತಿದೆ. ಬೆಳಗಿನ ಅಂಕಿಯನ್ನು ಪ್ರೋಗ್ರಾಮು ಹಿಡಿದುಕೊಂಡು ಕೂತಿದೆ. ಅಲ್ಲಿಗೆ ಹೋಗಬೇಕಾದ ನೀರು ಬೇರೆಡೆ ಹರಿಯುತ್ತಿದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ಸಿಗುವಂತೆ ಉತ್ತರ ಬರೆಯುತ್ತಿದ್ದಳು. ಆದರೆ ಮೊದಲೆಲ್ಲ ಇಂಥದ್ದನ್ನು ಕಂಡಾಗ ಹೊಟ್ಟೆಯೊಳಗಿನಿಂದ ಏನೋ ಜಿಗಿದು ಕೈಯನ್ನು ಮುಂದೆ ತಳ್ಳುತ್ತಿತ್ತಲ್ಲ, ಅದು ಬರಲಿಲ್ಲ. ಬಿಸಿ ಬಾಣಲೆಯ ಮೇಲೆ ಕೈಯಿಟ್ಟು, ಕೈ ಸುಡುತ್ತಿದೆ ಎಂದು ಓದಿ ತಿಳಿದುಕೊಂಡಂತೆ ಇತ್ತು.

"ನೋಡ್ತೀನ್ರಿ," ಎಂದಳು.

"ನೋಡೂದಲ್ಲ! ಅಂಕಿ ಕೈಯಿಂದ ಬದಲಿ ಮಾಡ್ರಿ. ನೀರು ಬಿಡ್ರಿ!"

ಅದಕ್ಕೆ ಮೇಲ್ವಿಚಾರಕರ ಒಪ್ಪಿಗೆ ಬೇಕಿತ್ತು. ಅವಳು ತಿರುಗಿ, ಪಕ್ಕದ ಮೇಜಿನ ಮೇಲ್ವಿಚಾರಕನಿಗೆ ಹೇಳಿದಳು. ಅವನು ನಕ್ಷೆಯನ್ನು ನೋಡಿದ. "ನೀಲಿ ಅದಲ್ಲ," ಎಂದ. ಹೌದು, ನೀಲಿ ಅದ, ಎಂದಳು. ಇರ್ಫಾನ್ ಜಾಗಕ್ಕೆ ಬಂದಿದ್ದ ಹುಡುಗಿಯೂ ನೋಡಿ, ನೀಲಿಯೇ ಎಂದಳು. ಕೊಠಡಿಯಲ್ಲಿ ಯಾರ ದನಿಯೂ ಏರಲಿಲ್ಲ. ಫೋನಿನಲ್ಲಿ ಇರ್ಫಾನ್ ಕೂಗುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಅವನೇ ಕರೆ ಕತ್ತರಿಸಿದ.

ಅವನು ಬೀದಿಗಿಳಿದ. ಬಡಾವಣೆಯ ತುದಿಯಲ್ಲಿ ನೆಲದೊಳಗೆ, ಕೈಯಿಂದಲೇ ನೀರು ಬಿಡಬಹುದಾದ ಕವಾಟದ ಗುಂಡಿಯೊಂದಿತ್ತು. ಅದರ ಜಾಗ ಅವನಿಗೆ ಗೊತ್ತಿತ್ತು. ಇಂಥದೊಂದು ಇರಬೇಕೆಂದು ಹಟಹಿಡಿದು ಹಾಕಿಸಿದವನೇ ಅವನು. ನೆರೆಯ ಇಬ್ಬರನ್ನು ಎಬ್ಬಿಸಿಕೊಂಡು ಹೋಗಿ ಹಾರೆಯಿಂದ ಬೀಗ ಒಡೆದ. ಕಾದ ಕಬ್ಬಿಣದ ಚಕ್ರವನ್ನು ಒದ್ದೆ ಗೋಣಿಚೀಲ ಸುತ್ತಿ ತಿರುಗಿಸಿದರು. ಅಂಗೈಗಳ ಚರ್ಮ ಎದ್ದುಬಂತು. ಕೊಳವೆಯೊಳಗೆ ನೀರು ಗುಡುಗಿದ ಸದ್ದು ಕೇಳಿದಾಗ ಇರ್ಫಾನ್ ಅಲ್ಲೇ ಕುಸಿದು ಕುಳಿತ. ಆಮೇಲೆ ಒಂದೊಂದೇ ಮನೆಯ ಬಾಗಿಲು ಬಡಿಯುತ್ತ ಹೊರಟರು. ಎಷ್ಟೋ ಬಾಗಿಲು ತೆರೆದವು. ತೆರೆಯದ ಬಾಗಿಲುಗಳೂ ಇದ್ದವು.

ನಿಖತ್ ಎರಡು ಬೀದಿಯಾಚೆ ಬಾಡಿಗೆ ಮನೆಯಲ್ಲಿದ್ದಳು. ಹಿಂದಿನ ದಿನದ ಜ್ವರಕ್ಕೆ ಮಾತ್ರೆ ನುಂಗಿ, ಭಾನುವಾರವಲ್ಲವೇ ಎಂದು ಕದವಿಕ್ಕಿ ಮಲಗಿದ್ದಳಂತೆ. ಕಿಟಕಿಯಿಲ್ಲದ ಆ ಕೋಣೆಯಿಂದ ಅವಳನ್ನು ಎತ್ತಿ ಹೊರತಂದಾಗ ಉಸಿರು ನಿಂತು ಬಹಳ ಹೊತ್ತಾಗಿತ್ತು.

ಸರ್ಕಾರ ತನಿಖಾ ಸಮಿತಿ ನೇಮಿಸಿತು. ಸಮಿತಿಯವರು ನಿಯಂತ್ರಣ ಕೊಠಡಿಯ ಆ ದಿನದ ಧ್ವನಿಮುದ್ರಣವನ್ನು ಪೂರ್ತಿ ಕೇಳಿದರು. ಸಿಬ್ಬಂದಿ ಎಲ್ಲೂ ಗಾಬರಿಯಾಗಿಲ್ಲ, ಯಾವ ನಿಯಮವನ್ನೂ ಮೀರಿಲ್ಲ, ಪರದೆ ತೋರಿಸಿದಂತೆಯೇ ನಡೆದುಕೊಂಡಿದ್ದಾರೆ ಎಂದು ವರದಿ ಕೊಟ್ಟರು. ದೋಷ ಉಪಕರಣದ್ದು ಎಂದಾಯಿತು. ಉಪಕರಣಗಳನ್ನು ಬದಲಿಸಿದರು. ಗುತ್ತಿಗೆ ಇನ್ನೊಂದು ಕಂಪನಿಯ ಪಾಲಾಗಿ, ಇದ್ದವರನ್ನೆಲ್ಲ ಮನೆಗೆ ಕಳಿಸಿದರು. ಬೀಗ ಒಡೆದದ್ದಕ್ಕೆ ಇರ್ಫಾನನ ಮೇಲೆ ಒಂದು ಕೇಸು ಮಾತ್ರ ಉಳಿಯಿತು.

ಶ್ರೀಶೈಲ ಹೆಂಡತಿಯನ್ನು ನರರೋಗದ ವೈದ್ಯರ ಬಳಿ ಕರೆದೊಯ್ದ. ಅವರು ಅವಳ ತಲೆಗೆ ತಂತಿಗಳನ್ನು ಅಂಟಿಸಿ, ಪರದೆಯ ಮೇಲೆ ಮೂಡಿದ ಗೆರೆಯನ್ನು ಬಹಳ ಹೊತ್ತು ನೋಡಿದರು. ತಪ್ಪು ಚಿತ್ರಗಳು ಬಂದಾಗಲೂ ಗೆರೆ ನೆಟ್ಟಗೇ ಹೋಗುತ್ತಿತ್ತು. "ಮರಳಿ ಬರಬಹುದು. ಬರದೆಯೂ ಇರಬಹುದು. ಇಂಥವರನ್ನು ನಾವು ಹಿಂದೆ ನೋಡಿಲ್ಲ," ಎಂದರು.

ಅಲ್ಲಿಂದ ನೇರ ಇರ್ಫಾನನ ಮನೆಗೆ ಹೋದರು. ನಿಖತ್ ತೀರಿದ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ಬಂಧುಗಳು ಹೊರಟಿದ್ದರು. ಇರ್ಫಾನನ ಕೈಗಳಿಗೆ ಇನ್ನೂ ಬ್ಯಾಂಡೇಜು ಸುತ್ತಿತ್ತು. ಶ್ರೀಶೈಲ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಸಂಪದಾ ಚಾಪೆಯ ಮೇಲೆ ನೆಟ್ಟಗೆ ಕುಳಿತಿದ್ದಳು.

"ಯಾಕ ಬಂದ್ರಿ ಮೇಡಂ?" ಎಂದು ಇರ್ಫಾನ್ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ.

"ಇವ್ರು ಬಾ ಅಂದ್ರು."

"ನಿಮಗೇನರ ಅನಸ್ತದೇನು? ನಿಖತ್ ಬಗ್ಗೆ?"

"ಆಕಿ ಹೋಗಿದ್ದು ಗೊತ್ತದ. ನಾ ನೀರು ಬಿಟ್ಟಿದ್ರ ಉಳೀತಿದ್ದಳು, ಅದೂ ಗೊತ್ತದ. ಅನಸ್ಬೇಕು ಅಂತನೂ ಗೊತ್ತದ, ಇರ್ಫಾನ್. ಆದ್ರ ಆ ಜಾಗದಾಗ ಏನೂ ಇಲ್ಲ."

ಒಳಗಿನಿಂದ ಚಹಾ ಬಂತು. ಸಂಪದಾ ಒಬ್ಬಳೇ ಕುಡಿದಳು.

ಆಮೇಲೆ ಶ್ರೀಶೈಲ ಖಾನಾವಳಿಯನ್ನು ಕೆಲಸದವರಿಗೆ ಬಿಟ್ಟು ಬಹುಪಾಲು ಮನೆಯಲ್ಲೇ ಇರತೊಡಗಿದ. ಒಲೆ ಉರಿಯುತ್ತಿದೆಯೇ, ಬಾಗಿಲು ತೆರೆದಿದೆಯೇ, ರಸ್ತೆ ದಾಟುವಾಗ ಅವಳು ಯಾವ ಕಡೆ ನೋಡುತ್ತಿದ್ದಾಳೆ ಎಂದು ಅವಳ ಬದಲು ಅವನೇ ನೋಡುತ್ತಿದ್ದ. ಬೀದಿಯಲ್ಲಿ ಯಾರಾದರೂ ಏನಾದರೂ ಮಾರಲು ಬಂದರೆ ಒಳಗೆ ಕರೆದು ಕೂರಿಸುತ್ತಿದ್ದಳು. ಇಂಚರ ಅಮ್ಮನ ಹತ್ತಿರ ಮಗ್ಗಿ ಹೇಳುವುದನ್ನು ಬಿಟ್ಟಿದ್ದಳು.

ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ಜಗಳವೆದ್ದಿದೆ ಎಂದು ಕರೆ ಬಂತು. ಶ್ರೀಶೈಲ ಬಿಡಿಸಿ ಬೇಗನೆ ವಾಪಸಾದ. ಇಂಚರ ಬಾಗಿಲ ಬಳಿ ನಿಂತಿದ್ದಳು.

"ಅಪ್ಪಾ, ಕಾರು ಬಂದಿತ್ತು. ಅಮ್ಮ ಹೋದಳು."

"ಯಾರ ಕಾರು?"

"ಗೊತ್ತಿಲ್ಲ. ‘ನೀವೇ ಬೇಕು ಮೇಡಂ’ ಅಂದ್ರು. ನಾ ಬ್ಯಾಡ ಅಂದೆ. ಆಯ್ತು ಅಂದಳು. ಅವ್ರು ಬರ್ರಿ ಅಂದ್ರು. ಹೋದಳು."

ಅವನು ಫೋನು ಒತ್ತಿದ. ಸಂಪದಾ ಎತ್ತಿದಳು. ಹಿಂದೆ ಗಾಳಿಯ ಸದ್ದು, ಧ್ವನಿವರ್ಧಕದಲ್ಲಿ ಯಾರೋ ಏನೋ ಘೋಷಿಸುತ್ತಿರುವ ಸದ್ದು.

"ಎಲ್ಲಿದ್ದೀ?"

"ವಿಮಾನ ನಿಲ್ದಾಣದಾಗ. ಬಾಳಿಗ ಸರ್ ಹೊಸಾ ಕಂಪನಿ ಸೇರ್ಯಾರ. ನನ್ನ ಘರ್ಷಣಾಂಕ ನೋಡಿ ಕರ್ಸ್ಯಾರ. ಸೊನ್ನಿ ಬಂದವ್ರು ಇಡೀ ದೇಶದಾಗ ನಾ ಒಬ್ಬಾಕೀನೇ ಅಂತ."

"ಏನ್ ಕೆಲ್ಸ?"

"ಅಣುಸ್ಥಾವರದ್ದು. ಕಂಟ್ರೋಲ್ ರೂಮು. ಅಲ್ಲಿ ಭಾಳ ಶಾಂತ ಇರೋ ಮಂದಿ ಬೇಕಂತ."

ಶ್ರೀಶೈಲ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. "ಸಂಪದಾ, ಕೇಳಿಲ್ಲಿ. ಎಲ್ಲೂ ಹೋಗಬ್ಯಾಡ. ಅಲ್ಲೇ ಕುಂದ್ರು. ನಾ ಈಗ ಬಂದೆ. ತಿರುಗಿ ಮನಿಗೆ ಬರೂಣು."

"ಆಯ್ತು," ಎಂದಳು. "ಕುಂದರ್ತೀನಿ. ಬಾ."

ಅವನ ಎದೆ ಸ್ವಲ್ಪ ಹಗುರವಾಯಿತು. ಗಾಡಿಯ ಕೀಲಿಗೆ ಕೈಹಾಕಿದ. ಆಗ ಫೋನಿನೊಳಗೆ, ಅವಳ ಹತ್ತಿರದಲ್ಲೇ, ಗಂಡಸಿನ ಮೆತ್ತನೆಯ ದನಿಯೊಂದು ಕೇಳಿಸಿತು. "ಮೇಡಂ, ಹೊತ್ತಾಯ್ತು. ಹತ್ತುವ, ಬನ್ನಿ."

"ಆಯ್ತ್ರಿ," ಎಂದಳು ಸಂಪದಾ.